ಹಳೆಯ ಶಾಲೆಯಲ್ಲಿ ಹೊಸ ಒಲೆ

ಹೊಸೂರಿನಿಂದ ರಾಯಕೋಟೆಯ ಕಡೆಗೆ ಸಾಗುವ ದಾರಿಯಲ್ಲಿ ಸಿಕ್ಕುವ ಉದ್ದನಪಲ್ಲಿಯು, ಕನ್ನಡ, ತೆಲುಗು, ತಮಿಳುಗಳೆಂಬ ಮೂರು ನುಡಿಗಳು ಒಂದೇ ಸಂತೆಯಲ್ಲಿ ಬೆರೆತು ಕೇಳಿಬರುವ, ತಮಿಳುನಾಡಿನ ಗಡಿಸೀಮೆಯ ಊರು. ಮೊದಲು ಸೇಲಂ ಜಿಲ್ಲೆಗೂ, 1965ರಿಂದ ಧರ್ಮಪುರಿ ಜಿಲ್ಲೆಗೂ, 2004ರಿಂದ ಕೃಷ್ಣಗಿರಿ ಜಿಲ್ಲೆಗೂ ಸೇರುತ್ತ ಬಂದ ಈ ಸೀಮೆಯು, ಆಡಳಿತದ ಹೆಸರು ಎಷ್ಟು ಸಲ ಬದಲಾದರೂ, ರಾಗಿ, ಅವರೆ, ಟೊಮೇಟೊ, ಹೂವುಗಳನ್ನು ಬೆಳೆದುಕೊಂಡು ತನ್ನ ಜೀವನಕ್ರಮವನ್ನು ಬಹುಕಾಲ ಹಾಗೆಯೇ ಉಳಿಸಿಕೊಂಡಿತ್ತು. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಹೊಸೂರು ದೊಡ್ಡ ಕೈಗಾರಿಕಾ ನಗರವಾಗಿ ಬೆಳೆದು, 2019ರಲ್ಲಿ ಮಹಾನಗರಪಾಲಿಕೆಯ ಪದವಿಗೇರಿ, ತನ್ನ ಕಾರ್ಖಾನೆಗಳನ್ನು ನಾಗಮಂಗಲ, ಉದ್ದನಪಲ್ಲಿಗಳ ಎಲ್ಲೆಯವರೆಗೂ ಚಾಚಿದೆ. ಮೊಬೈಲ್ ಫೋನಿನ ಬಿಡಿಭಾಗಗಳನ್ನು ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಬೃಹತ್ ಕಾರ್ಖಾನೆಗೆ ಈ ಜಿಲ್ಲೆಯವರಷ್ಟೇ ಅಲ್ಲದೆ ಜಾರ್ಖಂಡಿನಂಥ ದೂರದ ರಾಜ್ಯಗಳ ಯುವತಿಯರೂ ಕೆಲಸಕ್ಕೆ ಬಂದಿದ್ದಾರೆ.

ದುಡಿಯಲು ಬಂದವರಿಗೆ ನೆಲೆ ಬೇಕು. ನೆಲೆಗೆ ನೆಲ ಬೇಕು. ನೆಲವಾದರೋ ಹೊಲವಾಗಿ ಯಾರದೋ ಅನ್ನಕ್ಕೆ ಆಧಾರವಾಗಿರುತ್ತದೆ. ಕೈಗಾರಿಕಾ ವಸಾಹತಿನ ಐದನೆಯ ಹಂತಕ್ಕೆಂದು ಭೂಸ್ವಾಧೀನಕ್ಕೆ ಸರಕಾರವು ಮುಂದಾದಾಗ, 2023ರಲ್ಲಿ ಉದ್ದನಪಲ್ಲಿ, ಅಯರ್ನಪಲ್ಲಿ, ನಾಗಮಂಗಲಗಳ ರೈತರು ಧರಣಿ ಕುಳಿತದ್ದು ಈ ಇಕ್ಕಟ್ಟಿನ ಪ್ರತ್ಯಕ್ಷ ಸಾಕ್ಷಿ. ಹೊಲವನ್ನು ಮುಟ್ಟದೆ ಮನೆಯನ್ನು ಹೆಚ್ಚಿಸುವ ಉಪಾಯವಿದ್ದರೆ ಅದನ್ನು ಶೋಧಿಸುವುದು ಇಂಥ ಸೀಮೆಯಲ್ಲಿ ಧರ್ಮವೇ ಆಗುತ್ತದೆ. ಆಗಲೇ ಕಟ್ಟಿ ನಿಂತಿರುವ, ಆದರೆ ಕಟ್ಟಿದ ಉದ್ದೇಶ ತೀರಿಹೋಗಿರುವ ಕಟ್ಟಡಗಳನ್ನು ವಾಸಕ್ಕೆ ಯೋಗ್ಯವಾಗಿ ಮಾರ್ಪಡಿಸುವುದು ಅಂಥ ಉಪಾಯಗಳಲ್ಲೊಂದು. ಆ ಕಟ್ಟಡಗಳಲ್ಲಿ ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒದಗುವುದು ಹಳೆಯ ಪಾಠಶಾಲೆ.

ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸತಕ್ಕದ್ದು. ಮಕ್ಕಳು ಬರುತ್ತಿರುವ ಒಂದು ಶಾಲೆಯನ್ನಾದರೂ ಮನೆಗಳಿಗಾಗಿ ಮುಚ್ಚಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ವಿಶೇಷತಃ 2006ರ ಕಡ್ಡಾಯ ತಮಿಳು ಕಲಿಕೆಯ ಕಾನೂನು ಬಂದ ಮೇಲೆ ತಮ್ಮ ಸ್ಥಾನವನ್ನು ಕಾಪಾಡಿಕೊಳ್ಳಲು ಹೆಣಗುತ್ತಿರುವ ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಒಂದು ಮಗು ಉಳಿದಿದ್ದರೂ ಅಲ್ಲಿ ಬೋಧನೆ ನಡೆಯಬೇಕು. ಶಾಲೆಯು ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆಯದು ಬೀಗ ಹಾಕಿಕೊಂಡು ನಿಲ್ಲುತ್ತದಲ್ಲ, ನಾನು ಹೇಳುತ್ತಿರುವುದು ಅದರ ವಿಚಾರ.

ಗೋಡೆಯಲ್ಲಿ ಅಡಗಿದ ಶಕ್ತಿ

2021ರ ಡಿಸೆಂಬರ್ 17ರಂದು ತಿರುನೆಲ್ವೇಲಿಯ ಶಾಲೆಯೊಂದರಲ್ಲಿ ಶೌಚಾಲಯದ ಗೋಡೆ ಕುಸಿದು ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡ ತರುವಾಯ, ತಮಿಳುನಾಡಿನಲ್ಲೆಲ್ಲ ಶಿಥಿಲವಾದ ಶಾಲಾ ಕಟ್ಟಡಗಳನ್ನು ಗುರುತಿಸಿ ಕೆಡಹುವ ಕಾರ್ಯ ನಡೆಯಿತು. ಮಕ್ಕಳ ಪ್ರಾಣಕ್ಕೆ ಎರವಾಗುವ ಗೋಡೆಯನ್ನು ಕೆಡಹುವುದು ನ್ಯಾಯವೇ ಸರಿ. ಆದರೆ ಶಿಥಿಲವಾದದ್ದಕ್ಕೂ ಹಳೆಯದಾದದ್ದಕ್ಕೂ ಇರುವ ಅಂತರವನ್ನು ನಾವು ಮರೆಯಬಾರದು. ಹದಿನೆಂಟು ಅಂಗುಲ ದಪ್ಪದ ಕಲ್ಲುಗೋಡೆ, ಅಳಲೆಕಾಯಿ ಬೆಲ್ಲಗಳ ನೀರು ಸೇರಿಸಿ ಅರೆದ ಸುಣ್ಣದ ಗಾರೆ, ಹೆಂಚಿನ ಸೂರು ಅಥವಾ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದ ಮದರಾಸು ತಾರಸಿ, ಇವುಗಳಿಂದಾದ ಕಟ್ಟಡವು ನೀರು ಸೋರದಂತೆ ಕಾಯ್ದುಕೊಂಡರೆ ನೂರು ವರ್ಷಗಳಾಚೆಗೂ ನಿಲ್ಲುತ್ತದೆ. ಬಹುಮಟ್ಟಿಗೆ ಅದನ್ನು ಕೆಡಿಸುವುದು ವಯಸ್ಸಲ್ಲ, ಒಡೆದ ಹೆಂಚು ಮತ್ತು ಕಸ ಕಟ್ಟಿಕೊಂಡ ಮಳೆನೀರಿನ ದೋಣಿ.

ಅಂಥ ಕಟ್ಟಡವನ್ನು ಕೆಡಹಿದಾಗ ನಾವು ಕಳೆದುಕೊಳ್ಳುವುದು ನೆನಪನ್ನು ಮಾತ್ರವಲ್ಲ. ಇಟ್ಟಿಗೆಯನ್ನು ಸುಡಲು, ಸುಣ್ಣವನ್ನು ಬೇಯಿಸಲು, ಕಬ್ಬಿಣವನ್ನು ಕರಗಿಸಲು, ಇವನ್ನೆಲ್ಲ ಸ್ಥಳಕ್ಕೆ ಸಾಗಿಸಲು ಎಂದೋ ವ್ಯಯವಾದ ಇಂಧನವು ಆ ಕಟ್ಟಡದಲ್ಲಿ ಹುದುಗಿರುತ್ತದೆ. ಶಾಸ್ತ್ರಜ್ಞರು ಇದನ್ನು ಕಟ್ಟಡದ ಅಂತರ್ಗತ ಶಕ್ತಿಯೆಂದು ಕರೆಯುತ್ತಾರೆ. ಈ ವಿಷಯದಲ್ಲಿ ನಮಗೆ ಅತ್ಯಂತ ಸಮೀಪದ ಪ್ರಮಾಣವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಬಂದಿದೆ. ಗ್ರಾಮಗಳಿಗೆ ವಿಜ್ಞಾನವನ್ನು ಒಯ್ಯುವ ಸಲುವಾಗಿ ಅಮೂಲ್ಯ ಕುಮಾರ ರೆಡ್ಡಿಯವರು 1974ರಲ್ಲಿ ಅಲ್ಲಿ ಸ್ಥಾಪಿಸಿದ ‘ಅಸ್ತ್ರ’ ಕೇಂದ್ರದ ಪರಂಪರೆಯಲ್ಲಿ ದುಡಿದ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕಾಂಕ್ರೀಟಿನ ಚೌಕಟ್ಟಿನ ಬಹುಮಹಡಿ ಕಟ್ಟಡದ ಪ್ರತಿ ಚದರ ಮೀಟರಿಗೆ ಸುಮಾರು 4.2 ಗಿಗಾಜೂಲ್ ಶಕ್ತಿ ಬೇಕಾಗುತ್ತದೆ. ಭಾರ ಹೊರುವ ಇಟ್ಟಿಗೆಗೋಡೆಯ ಕಟ್ಟಡಕ್ಕೆ ಸುಮಾರು 2.9, ಸಿಮೆಂಟು ಬೆರೆಸಿ ಅಚ್ಚೊತ್ತಿದ ಮಣ್ಣಿನ ಇಟ್ಟಿಗೆಯ ಕಟ್ಟಡಕ್ಕೆ 1.6ರಷ್ಟು ಮಾತ್ರ.

ಈ ಅಂಕಿಗಳನ್ನು ಮನೆಯ ವಿದ್ಯುತ್ ಬಿಲ್ಲಿನ ಭಾಷೆಗೆ ತಿರುಗಿಸಿ ನೋಡೋಣ. 500 ಚದರ ಮೀಟರಿನ ಹಳೆಯ ಶಾಲೆಯನ್ನು ಕೆಡಹಿ ಅಷ್ಟೇ ವಿಸ್ತೀರ್ಣದ ಕಾಂಕ್ರೀಟು ವಸತಿಯನ್ನು ಕಟ್ಟಿದರೆ ತಗಲುವ ಶಕ್ತಿ 2,100 ಗಿಗಾಜೂಲ್, ಎಂದರೆ ಸುಮಾರು 5.8 ಲಕ್ಷ ಯೂನಿಟ್. ಹತ್ತು ಸಂಸಾರಗಳು ತಿಂಗಳಿಗೆ ನೂರು ಯೂನಿಟ್ಟಿನಂತೆ ಬಳಸಿದರೆ ಇದು 48 ವರ್ಷಗಳ ಬಳಕೆಗೆ ಸಮ. ಗೂಡಿನಲ್ಲಿ ಉರಿಯುವ ಕಲ್ಲಿದ್ದಲಿನ ಶಾಖಕ್ಕೂ ತಂತಿಯಲ್ಲಿ ಬರುವ ವಿದ್ಯುತ್ತಿಗೂ ಪೂರ್ಣ ಸಮತೆಯಿಲ್ಲವೆಂದು ಇದನ್ನು ಮೂರನೆಯ ಒಂದು ಪಾಲಿಗೆ ಇಳಿಸಿದರೂ 16 ವರ್ಷಗಳ ಬಳಕೆಯಾಗುತ್ತದೆ. ಹೊಸ ಮನೆಯಲ್ಲಿ ಮೊದಲ ದೀಪ ಹಚ್ಚುವುದಕ್ಕೆ ಮುನ್ನವೇ ಇಷ್ಟು ಸಾಲ ಅದರ ತಲೆಯ ಮೇಲೇರಿರುತ್ತದೆ. ಹಳೆಯ ಕಟ್ಟಡವಾದರೋ ಆ ಸಾಲವನ್ನು ನಮ್ಮ ಅಜ್ಜಂದಿರ ಕಾಲದಲ್ಲಿಯೇ ತೀರಿಸಿ ನಿಂತಿದೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಧನವನ್ನು ಮಿತವಾಗಿ ಬಳಸುವ ಹೊಸ ಕಟ್ಟಡಕ್ಕೂ ತನ್ನ ನಿರ್ಮಾಣದಿಂದ ಹವೆಗೆ ಆದ ಹಾನಿಯನ್ನು ಉಳಿತಾಯದಿಂದ ತುಂಬಿಕೊಡಲು 10ರಿಂದ 80 ವರ್ಷಗಳು ಬೇಕೆಂದು ಲೆಕ್ಕಹಾಕಿದೆ.

ಪರದೇಶದ ಮಾದರಿ, ನಮ್ಮ ಹವೆ

ಶಾಲೆಯನ್ನು ಮನೆಯಾಗಿಸುವ ಕೆಲಸ ಲೋಕಕ್ಕೆ ಹೊಸದಲ್ಲ. ಇಂಗ್ಲೆಂಡಿನ 1870ರ ಶಿಕ್ಷಣ ಶಾಸನದಿಂದ ಹುಟ್ಟಿದ ಲಂಡನ್ ಶಾಲಾ ಮಂಡಲಿಯು, ವಾಸ್ತುಶಿಲ್ಪಿ ಇ. ಆರ್. ರಾಬ್ಸನ್ನನ ಕಾಲದಿಂದ ಮೊದಲ್ಗೊಂಡು ಎತ್ತರದ ಕಿಟಕಿಗಳ ಇಟ್ಟಿಗೆಯ ಶಾಲೆಗಳನ್ನು ನಗರದ ಮೂಲೆಮೂಲೆಯಲ್ಲಿ ಕಟ್ಟಿತು. ಮಕ್ಕಳ ಸಂಖ್ಯೆ ಇಳಿದ ಬಡಾವಣೆಗಳಲ್ಲಿ ಆ ಶಾಲೆಗಳಲ್ಲಿ ಅನೇಕವು ಇಂದು ವಸತಿಗೃಹಗಳಾಗಿವೆ. ಅಮೆರಿಕದಲ್ಲಿ ಮಾಸಚೂಸೆಟ್ಸ್ ಪ್ರಾಂತದ ಗ್ಲೌಸ್ಟರ್ ಪಟ್ಟಣದ ಹಳೆಯ ಗ್ರಾಮರ್ ಶಾಲೆಯನ್ನು 1970ರ ದಶಕದಲ್ಲಿಯೇ ವೃದ್ಧರ ಮನೆಗಳನ್ನಾಗಿ ಮಾರ್ಪಡಿಸಿದರು. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ವಾಸಕ್ಕೆ ಸಿದ್ಧವಾದ ‘ಪ್ಯಾಸಿವ್ ಹೌಸ್’ ಮನೆಗಳಿಂದ ಹೊರಟ ನಿಯಮವು, ಹೊಸ ಮನೆಗೆ ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ಟಿಗಿಂತ ಹೆಚ್ಚಿನ ಶಾಖ ಬೇಕಾಗಬಾರದೆಂದು ವಿಧಿಸಿತು. ಹಳೆಯ ಕಟ್ಟಡಗಳನ್ನು ಸುಧಾರಿಸುವವರಿಗಾಗಿ ಮುಂದೆ ರೂಪುಗೊಂಡ ನಿಯಮದಲ್ಲಿ ಮಧ್ಯ ಯುರೋಪಿನ ಹವೆಗೆ 25 ಯೂನಿಟ್ಟಿನ ಮಿತಿಯನ್ನಿಟ್ಟಿದ್ದಾರೆ.

ಆದರೆ ಅವರ ಔಷಧವನ್ನು ನಮ್ಮ ರೋಗಕ್ಕೆ ಹಾಗೆಯೇ ಕುಡಿಸಬಾರದು. ಅವರ ಚಿಂತೆ ಒಳಗಿನ ಬಿಸಿಯನ್ನು ಹೊರಗೆ ಬಿಡದಿರುವುದು. ನಮ್ಮ ಚಿಂತೆ ಹೊರಗಿನ ಬಿಸಿಯನ್ನು ಒಳಗೆ ಬಿಡದಿರುವುದು. ಅವರು ಕಟ್ಟಡವನ್ನು ಗಾಳಿಯಾಡದಂತೆ ಮುಚ್ಚುತ್ತಾರೆ. ನಾವು ಗಾಳಿಯಾಡುವಂತೆ ತೆರೆಯಬೇಕು. ಹೊಸೂರು ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಹಗಲು ಕಾದರೂ ಇರುಳು ತಣಿಯುವ ಹವೆಯನ್ನು ಪಡೆದಿದೆ. ಇಂಥ ಕಡೆ ದಪ್ಪ ಕಲ್ಲುಗೋಡೆಯು ಶಾಖವನ್ನು ತಡೆಯುವ ಹೊದಿಕೆಯಾಗಿ ಅಲ್ಲದಿದ್ದರೂ ಶಾಖವನ್ನು ಹಿಡಿದಿಡುವ ಕಣಜವಾಗಿ ಕೆಲಸ ಮಾಡುತ್ತದೆ. ಮಧ್ಯಾಹ್ನದ ಬಿಸಿಲನ್ನು ಹೀರಿ ಅದು ಒಳಮೈಗೆ ಮುಟ್ಟಿಸುವ ಹೊತ್ತಿಗೆ ಸಂಜೆಯಾಗಿರುತ್ತದೆ. ಸಂಜೆಯಿಂದ ಬೆಳಗಿನವರೆಗೆ ಕಿಟಕಿಗಳನ್ನು ತೆರೆದು, ಬಿಸಿಲೇರಿದ ಮೇಲೆ ಮುಚ್ಚಿದರೆ, ಇರುಳಿನ ತಂಗಾಳಿ ಆ ಗೋಡೆಯನ್ನು ತಣಿಸಿ ಮರುದಿನಕ್ಕೆ ಸಿದ್ಧಮಾಡುತ್ತದೆ. ನಮ್ಮ ಅಜ್ಜಿಯರು ದಿನವೂ ಮಾಡುತ್ತಿದ್ದ ಈ ಕೆಲಸವನ್ನು ಇಂದಿನ ಶಾಸ್ತ್ರವು ನಿಶಾವಾಯುಸಂಚಾರವೆಂದು ಗೌರವದಿಂದ ಹೆಸರಿಸುತ್ತದೆ.

ಸೂರು ಮೊದಲು, ಗೋಡೆ ಆಮೇಲೆ

ಸೂರ್ಯನು ಈ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ನಡುಮಧ್ಯಾಹ್ನದಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆದ್ದರಿಂದ ಒಂದಂತಸ್ತಿನ ಕಟ್ಟಡದಲ್ಲಿ ಬಿಸಿಯ ಬಹುಪಾಲು ಇಳಿಯುವುದು ಗೋಡೆಯಿಂದಲ್ಲ, ಸೂರಿನಿಂದ. ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಅದನ್ನೆಲ್ಲ ಮೊದಲು ಸೂರಿಗೆ ಹಾಕುವುದು ವಿವೇಕ. ಹೆಂಚಿನ ಸೂರಾದರೆ ಒಡೆದ ಹೆಂಚು, ಗೆದ್ದಲು ಹಿಡಿದ ರೀಪರುಗಳನ್ನು ಬದಲಿಸಿ, ಕೆಳಗೆ ಹಲಗೆಯ ಒಳಮಾಳಿಗೆಯನ್ನು ಹೊಂದಿಸಿ, ಹೆಂಚಿಗೂ ಹಲಗೆಗೂ ನಡುವೆ ಗಾಳಿಯು ಸೂರಿನಂಚಿನಿಂದ ಹೊಕ್ಕು ನೆತ್ತಿಯಿಂದ ಹೊರಡುವಂತೆ ದಾರಿ ಬಿಡಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ದಕ್ಷಿಣ ಭಾರತಕ್ಕೆಲ್ಲ ಹಬ್ಬಿದ ಆ ಹೆಂಚಿನ ವಿಶೇಷವೆಂದರೆ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಗಾರೆಯ ತಾರಸಿಯಾದರೆ ಸೋರುವ ಬಿರುಕುಗಳನ್ನು ಸುಣ್ಣದ ಗಾರೆಯಿಂದಲೇ ತುಂಬಿ, ಮೇಲೆ ಬಿಳಿಯ ಬಿಲ್ಲೆಗಳನ್ನು ಹಾಸುವುದು, ಅಥವಾ ಅದಕ್ಕೂ ಅನುಕೂಲವಿಲ್ಲದಿದ್ದರೆ ಬೇಸಗೆಗೆ ಮುನ್ನ ಪ್ರತಿ ವರ್ಷ ಸುಣ್ಣ ಬಳಿಯುವುದು. ತೆಲಂಗಾಣವು 2023ರಲ್ಲಿ ‘ತಂಪು ಸೂರು’ಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದ್ದನ್ನು ನೋಡಿದರೆ ಈ ಬಿಳಿಯ ಬಣ್ಣದ ಮಹತ್ವ ವೇದ್ಯವಾಗುತ್ತದೆ.

ಗೋಡೆಯ ವಿಷಯದಲ್ಲಿ ಹೇಳತಕ್ಕದ್ದು ಒಂದೇ: ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಬೇಡಿ. ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿನಲ್ಲಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಕವಚ ಕೂತರೆ ತೇವ ಒಳಗೇ ಸಿಕ್ಕಿಬಿದ್ದು, ಹೊರಗೆ ನುಣ್ಣಗೆ ಕಾಣುವ ಗೋಡೆ ಒಳಗೆ ಕೊಳೆಯುತ್ತದೆ. ಸುಣ್ಣ ಬಲ್ಲ ಮುದುಕ ಮೇಸ್ತ್ರಿಯೊಬ್ಬನು ಇನ್ನೂ ಊರಲ್ಲಿದ್ದರೆ, ಈ ಕೆಲಸದಲ್ಲಿ ಅವನ ಮಾತಿಗೆ ಎಂಜಿನಿಯರನ ಮಾತಿಗೆ ಸಮನಾದ ತೂಕ ಕೊಡಬೇಕು.

ಇಂಧನ ದಕ್ಷತೆಯ ಕೇಂದ್ರ ಸಂಸ್ಥೆಯು 2018ರಲ್ಲಿ ಹೊರತಂದ ‘ಇಕೋ ನಿವಾಸ ಸಂಹಿತೆ’ಯು ಭಾರತದ ಮನೆಗಳಿಗೆ ಕೆಲವು ಅಳತೆಗಳನ್ನು ಗೊತ್ತುಪಡಿಸಿದೆ: ಗೋಡೆ ಕಿಟಕಿಗಳ ಮೂಲಕ ಒಳಬರುವ ಶಾಖ ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು, ಸಮಶೀತೋಷ್ಣ ವಲಯದಲ್ಲಿ ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ನೂರಕ್ಕೆ 12.5ಕ್ಕಿಂತ ಕಡಿಮೆಯಿರಬಾರದು. ಇಪ್ಪತ್ತಡಿ ಉದ್ದ ಇಪ್ಪತ್ತಡಿ ಅಗಲದ ತರಗತಿಗೆ ಈ ಲೆಕ್ಕದಲ್ಲಿ 50 ಚದರಡಿ ಬೇಕು; ಎದುರುಬದುರು ಗೋಡೆಗಳಲ್ಲಿ ಎರಡೆರಡರಂತೆ ನಾಲ್ಕಡಿ ಚೌಕದ ನಾಲ್ಕು ಕಿಟಕಿಗಳಿದ್ದರೆ 64 ಚದರಡಿಯಾಗುತ್ತದೆ, ಬಾಗಿಲು ಬೇರೆ. ಮಕ್ಕಳ ಪಾಟಿಯ ಮೇಲೆ ಬೆಳಕು ಬೀಳಲೆಂದು ಅಂದಿನವರು ಇಟ್ಟ ಕಿಟಕಿಗಳು, ಯಾವ ಸಂಹಿತೆಯನ್ನೂ ಕಾಣದೆ ಇಂದಿನ ಸಂಹಿತೆಗೆ ಒಪ್ಪುತ್ತವೆ.

ಕೊಠಡಿ ಮನೆಯಾಗುವ ಬಗೆ

ಮೇಲೆ ಹೇಳಿದ 400 ಚದರಡಿಯ ಕೊಠಡಿ, ಪ್ರಧಾನಮಂತ್ರಿ ಆವಾಸ್ ಯೋಜನೆಯು ಬಡ ಕುಟುಂಬಕ್ಕೆ ಗೊತ್ತುಮಾಡಿದ 30 ಚದರ ಮೀಟರಿನ, ಎಂದರೆ ಸುಮಾರು 323 ಚದರಡಿಯ ಮನೆಗಿಂತ ವಿಶಾಲವಾದದ್ದು. ಒಂದು ತರಗತಿಯು ಒಂದು ಚಿಕ್ಕ ಸಂಸಾರಕ್ಕೆ, ಅಥವಾ ಒಟ್ಟಿಗೆ ಕೆಲಸ ಮಾಡುವ ಮೂವರು ಹೆಣ್ಣುಮಕ್ಕಳಿಗೆ ಸಾಕಾಗುತ್ತದೆ. ಮುಂದಿನ ಮೊಗಸಾಲೆಯನ್ನು ಮುಚ್ಚದೆ ಹಾಗೆಯೇ ಉಳಿಸಬೇಕು. ಅದು ಗೋಡೆಗೆ ನೆರಳು, ಮನೆಗಳಿಗೆ ಹಾದಿ, ನೆರೆಹೊರೆಯವರಿಗೆ ಜಗಲಿ. ಹದಿನಾಲ್ಕು ಅಡಿ ಎತ್ತರದ ಕೊಠಡಿಯಲ್ಲಿ ಒಂದು ಪಕ್ಕಕ್ಕೆ ಅಟ್ಟವನ್ನು ಕಟ್ಟಬಹುದಾದರೂ, ಬಿಸಿಗಾಳಿ ಮೇಲೇರಿ ಹೊರಹೋಗುವ ಬೆಳಕಿಂಡಿಗಳನ್ನು ಅದು ಮುಚ್ಚಕೂಡದು.

ಅಡಿಗೆಮನೆಯನ್ನೂ ಬಚ್ಚಲನ್ನೂ ಹಳೆಯ ಗೋಡೆಯೊಳಗೆ ತುರುಕುವುದು ಇಂಥ ಕೆಲಸಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ನೀರಿನ ಕೊಳವೆಗಳಿಗಾಗಿ ಗೋಡೆಯನ್ನು ಕೊರೆದರೆ ಅದರ ಬಲವೂ ಹೋಗುತ್ತದೆ, ತೇವವೂ ಸೇರುತ್ತದೆ. ಹಿಂಭಾಗದಲ್ಲಿ ತನ್ನದೇ ಬುನಾದಿಯ ಮೇಲೆ ಪ್ರತ್ಯೇಕವಾಗಿ ನಿಲ್ಲುವ ಒಂದು ಸಾಲನ್ನು ಮಣ್ಣಿಟ್ಟಿಗೆಯಿಂದ ಕಟ್ಟಿ, ನೀರಿನ ಕೆಲಸಗಳನ್ನೆಲ್ಲ ಅಲ್ಲಿಗೆ ಸೇರಿಸಿದರೆ ಹಳೆಯ ಕಟ್ಟಡ ಒಣಗಿ ಉಳಿಯುತ್ತದೆ. ಭಾರದ ವಿಷಯದಲ್ಲಿ ಭಾರತೀಯ ಮಾನಕವು ತರಗತಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 300 ಕಿಲೋ, ವಾಸದ ಕೋಣೆಗೆ ಸುಮಾರು 200 ಕಿಲೋ ಎಂದು ಎಣಿಸುತ್ತದೆ. ಮಾನಕಕ್ಕನುಸಾರ ಕಟ್ಟಿದ ಶಾಲೆಯ ಮಹಡಿ ಸಂಸಾರದ ಭಾರವನ್ನು ಹೊರಬಲ್ಲದು. ಅದಕ್ಕೂ ಹಿಂದಿನ ಕಟ್ಟಡವಾದರೆ ತೊಲೆಗಳನ್ನು ಒಂದೊಂದಾಗಿ ಪರೀಕ್ಷಿಸದೆ ಹೆಜ್ಜೆ ಮುಂದಿಡಬಾರದು.

ಅಗ್ನಿಯ ಭಯವನ್ನು ಕುರಿತು ನಾವು ಬಹು ದುಬಾರಿಯಾದ ಪಾಠವನ್ನು ಕಲಿತವರು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಗರಿಯ ಸೂರಿಗೆ ಬೆಂಕಿ ಹತ್ತಿ, ಹೊರಬರುವ ದಾರಿ ಇಕ್ಕಟ್ಟಾಗಿ, 94 ಮಕ್ಕಳು ಬೆಂದುಹೋದರು. ಮಹಡಿಯಿರುವ ಶಾಲೆಯನ್ನು ಮನೆಗಳಾಗಿಸುವಾಗ ಎರಡನೆಯ ಮೆಟ್ಟಿಲಸಾಲನ್ನು ಹೊರಗಿನಿಂದ ಕಟ್ಟುವುದು, ಪ್ರತಿ ಕೊಠಡಿಯಲ್ಲಿ ಒಂದು ಕಿಟಕಿಯ ಕಂಬಿಗಳನ್ನಾದರೂ ಒಳಗಿನಿಂದ ತೆರೆಯುವಂತೆ ಮಾಡುವುದು ಆ ಮಕ್ಕಳಿಗೆ ನಾವು ಸಲ್ಲಿಸಬೇಕಾದ ಋಣ.

ದೀಪ, ಫ್ಯಾನು, ಬಿಸಿಲು, ಮಳೆ

ಸೂರೂ ಕಿಟಕಿಯೂ ಸರಿಯಾದ ಮೇಲೆ ವಿದ್ಯುತ್ತಿನ ಖರ್ಚು ಬಹಳ ಉಳಿಯುವುದಿಲ್ಲ. ಹಳೆಯ ಬಗೆಯ ಫ್ಯಾನು 75 ವ್ಯಾಟಿನದು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗಿನ ಬಿಎಲ್‌ಡಿಸಿ ಫ್ಯಾನು 28 ವ್ಯಾಟಿನದು. ಅಷ್ಟೇ ಹೊತ್ತಿಗೆ 10 ಯೂನಿಟ್. ನೂರು ಯೂನಿಟ್ಟು ಬಳಸುವ ಮನೆಯಲ್ಲಿ ಒಂದು ಫ್ಯಾನಿನಿಂದಲೇ ಹದಿನೇಳು ಯೂನಿಟ್ ಉಳಿಯುವುದು ಸಾಮಾನ್ಯ ಸಂಗತಿಯಲ್ಲ.

ಶಾಲೆಯ ವಿಸ್ತಾರವಾದ ಸೂರು ಈ ಲೆಕ್ಕದಲ್ಲಿ ಇನ್ನೊಂದು ಉಪಕಾರ ಮಾಡುತ್ತದೆ. ಒಂದು ಕಿಲೋವ್ಯಾಟಿನ ಸೌರಫಲಕಕ್ಕೆ ಸುಮಾರು ನೂರು ಚದರಡಿ ಸ್ಥಳ ಬೇಕು. ಅದು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಆರಂಭವಾದ ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ ವಸತಿ ಸಂಘಗಳು ತಮ್ಮ ಸಾಮಾನ್ಯ ದೀಪ, ಪಂಪುಗಳಿಗಾಗಿ ಹಾಕಿಸುವ ಫಲಕಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಹಳೆಯ ಹೆಂಚಿನ ಮೇಲೆ ಫಲಕದ ಭಾರ ಹೊರಿಸುವ ಬದಲು ಹಿಂದಿನ ಹೊಸ ಸಾಲಿನ ಮೇಲೆ ಅವನ್ನು ನಿಲ್ಲಿಸಿದರೆ ಕಟ್ಟಡಕ್ಕೂ ಕ್ಷೇಮ. ಅದೇ ಸೂರು ಮಳೆನೀರನ್ನೂ ಕೊಡುತ್ತದೆ: ವರ್ಷಕ್ಕೆ 800 ಮಿಲಿಮೀಟರ್ ಮಳೆಯೆಂದಿಟ್ಟುಕೊಂಡರೆ, 300 ಚದರ ಮೀಟರಿನ ಸೂರಿನಿಂದ, ಐದರಲ್ಲಿ ಒಂದು ಪಾಲು ಹರಿದುಹೋದರೂ, 1.9 ಲಕ್ಷ ಲೀಟರ್ ನೀರು. ಕೊಳವೆಬಾವಿಗಳು ವರ್ಷವರ್ಷಕ್ಕೂ ಆಳಕ್ಕೆ ಇಳಿಯುವ ಸೀಮೆಯಲ್ಲಿ ಈ ನೀರಿಗೆ ಬೆಲೆ ಕಟ್ಟುವುದು ಕಷ್ಟ.

ದಾನದ ಕಲ್ಲು

ನಮ್ಮ ನಾಡಿನಲ್ಲಿ ಕಟ್ಟಡಗಳು ತಮ್ಮ ಕೆಲಸವನ್ನು ಬದಲಿಸಿಕೊಳ್ಳುತ್ತಲೇ ಬಂದಿವೆ. ಕೂಲಿಮಠಗಳು ಊರಿನ ಚಾವಡಿಯಲ್ಲಿಯೋ ಛತ್ರದ ಜಗಲಿಯಲ್ಲಿಯೋ ಗುಡಿಯ ಪೌಳಿಯಲ್ಲಿಯೋ ನಡೆಯುತ್ತಿದ್ದವು. ದಕ್ಷಿಣ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಟ್ಟಡವು ಧಾರವಾಡದ ಕರ್ನಾಟಕ ಕಾಲೇಜಾಯಿತು. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ರಾಜಾಜಿಯವರು ಹುಟ್ಟಿದ ಮನೆ ಇಂದು ಸ್ಮಾರಕ. ವಸತಿಯು ವಿದ್ಯೆಗೆ ಎಡೆಕೊಟ್ಟಿದ್ದಂತೆಯೇ, ವಿದ್ಯೆ ಮುಗಿಸಿದ ಮನೆ ವಸತಿಗೆ ಎಡೆಕೊಟ್ಟರೆ ಅದರಲ್ಲಿ ಅಪಚಾರವಿಲ್ಲ.

ಆದರೂ ಎರಡು ಕರ್ತವ್ಯಗಳನ್ನು ಮೊದಲು ಪೂರೈಸಬೇಕು. ಗ್ರಾಮಗಳ ಹಳೆಯ ಶಾಲೆಗಳಲ್ಲಿ ಅನೇಕವು ಯಾರೋ ಪುಣ್ಯಾತ್ಮರು ಮಕ್ಕಳ ವಿದ್ಯೆಗೆಂದು ಬಿಟ್ಟುಕೊಟ್ಟ ಭೂಮಿಯಲ್ಲಿವೆ. ಆ ದಾನಪತ್ರದ ನಿಬಂಧನೆಗಳನ್ನು ಓದದೆ, ದಾನಿಯ ಮನೆತನದವರನ್ನೂ ಗ್ರಾಮಸಭೆಯನ್ನೂ ಕೇಳದೆ, ನಿವೇಶನದ ಬಳಕೆಯನ್ನು ಬದಲಿಸಬಾರದು. ಬರುವ ಬಾಡಿಗೆಯ ನಿಶ್ಚಿತವಾದ ಒಂದು ಪಾಲನ್ನು ಊರಿನಲ್ಲಿ ನಡೆಯುತ್ತಿರುವ ಶಾಲೆಗೇ ಮುಡಿಪಿಟ್ಟರೆ ದಾನಿಯ ಸಂಕಲ್ಪವು ಬೇರೊಂದು ರೂಪದಲ್ಲಿ ಮುಂದುವರಿಯುತ್ತದೆ. ಎರಡನೆಯದಾಗಿ, ಶಾಲೆಯ ದಾಖಲಾತಿ ಪುಸ್ತಕಗಳನ್ನು ಜೋಪಾನವಾಗಿ ಶಿಕ್ಷಣ ಇಲಾಖೆಗೆ ಒಪ್ಪಿಸಬೇಕು; ಅಲ್ಲಿ ಓದಿದ ಮುದುಕನೊಬ್ಬನ ಹುಟ್ಟಿದ ತಾರೀಖಿಗೆ ಅದೊಂದೇ ಆಧಾರವಾಗಿರಬಹುದು. ಗೋಡೆಯಲ್ಲಿ ದಾನಿಗಳ ಹೆಸರು ಕೊರೆದ ಕಲ್ಲು, ಅದು ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ತಮಿಳಿನಲ್ಲಿರಲಿ, ಇದ್ದಲ್ಲೇ ಇರಲಿ.

ಕಾರ್ಖಾನೆಯ ಪಾಳಿ ಮುಗಿಸಿ ಬಂದ ಹುಡುಗಿಗೆ ತಣ್ಣಗಿನ ಕೋಣೆಯೂ ಗಾಳಿಯಾಡುವ ಕಿಟಕಿಯೂ ಕೈಗೆಟಕುವ ಬಾಡಿಗೆಯೂ ಬೇಕು. ಅವೆಲ್ಲವೂ ಒಂದು ಬೀಗ ಹಾಕಿದ ಬಾಗಿಲಿನ ಹಿಂದೆ ಸಿದ್ಧವಾಗಿರುವಾಗ, ಪಕ್ಕದ ರಾಗಿಹೊಲವನ್ನು ಅಗೆಯುವುದು ನ್ಯಾಯವಲ್ಲ. ನಿಮ್ಮ ಊರಿನ ಹಳೆಯ ಶಾಲೆಯನ್ನು ಕೆಡಹುವ ತೀರ್ಮಾನ ಪಂಚಾಯಿತಿಯ ಮುಂದೆ ಬಂದರೆ, ಅಲ್ಲಿ ಓದಿದವರು ಯಾರಾದರೂ ಎದ್ದುನಿಂತು ಇಷ್ಟನ್ನು ಕೇಳಿರಿ: ಕಟ್ಟಡಶಾಸ್ತ್ರ ಬಲ್ಲ ಒಬ್ಬ ಎಂಜಿನಿಯರನೂ ಸುಣ್ಣ ಬಲ್ಲ ಒಬ್ಬ ಮೇಸ್ತ್ರಿಯೂ ಸೇರಿ ಆ ಗೋಡೆಗಳನ್ನು ಒಂದು ದಿನ ಪರೀಕ್ಷಿಸಿ ವರದಿ ಕೊಡಲಿ; ಜೆಸಿಬಿ ಅದರ ನಂತರ ಬರಲಿ.